ಸೋರುವ ತಾರಸಿ, ಕರಗದ ಸಾಲ: ಮೊದಲು ಯಾವುದಕ್ಕೆ ದುಡ್ಡು?

ಪ್ರಶ್ನೆ: 2021ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ 30x40 ಸೈಟಿನ ಹಳೇ ಮನೆ ಕೊಂಡೆವು. 1994ರಲ್ಲಿ ಕಟ್ಟಿದ್ದು. ಸಾಲ 32 ಲಕ್ಷ, 20 ವರ್ಷಕ್ಕೆ. ಆಗ ಬಡ್ಡಿ ಶೇ 6.9, ಕಂತು 24,618 ರೂಪಾಯಿ. 2023ರ ಏಪ್ರಿಲ್‌ನಲ್ಲಿ ಬ್ಯಾಂಕಿನವರು ಕಂತನ್ನು 27,000ಕ್ಕೆ ಏರಿಸಿದರು. ಈಗ ಬಡ್ಡಿ ಶೇ 8.15. ನಾಲ್ಕು ವರ್ಷ ಕಟ್ಟಿದ ಮೇಲೂ 30.20 ಲಕ್ಷ ಬಾಕಿ, ಇನ್ನೂ 210 ಕಂತು ಎಂದು ಸ್ಟೇಟ್‌ಮೆಂಟ್ ತೋರಿಸುತ್ತಿದೆ. ನಮಗೆ ಮೋಸ ಆಗಿದೆಯೇ? ಈ ನಡುವೆ ತಾರಸಿ ಸೋರುತ್ತಿದೆ, ಬಚ್ಚಲಮನೆ ಗೋಡೆಗೆ ತೇವ ಹತ್ತಿದೆ. ಕಂಟ್ರ್ಯಾಕ್ಟರ್ ಕೊಟ್ಟ ಕೊಟೇಶನ್ 11.4 ಲಕ್ಷ: ತಾರಸಿ ಮತ್ತು ಬಚ್ಚಲು 2.6, ವೈರಿಂಗ್ 1.2, ಮಾಡ್ಯುಲರ್ ಕಿಚನ್ 3.2, ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ 2.4, ಪೇಂಟ್ 1.3, ಫಾಲ್ಸ್ ಸೀಲಿಂಗ್ 70 ಸಾವಿರ. ಬ್ಯಾಂಕು ಈಗಿನ ಗೃಹಸಾಲದ ಮೇಲೆಯೇ ಹೆಚ್ಚುವರಿ ಸಾಲವಾಗಿ ಶೇ 8.65ಕ್ಕೆ 12 ಲಕ್ಷ ಟಾಪ್‌ಅಪ್ ಕೊಡುತ್ತೇವೆ, ಉಳಿದ ಅವಧಿಗೇ ಹಾಕುತ್ತೇವೆ, ತಿಂಗಳಿಗೆ 11,100 ಸಾಕು ಎನ್ನುತ್ತಿದೆ. ಇಬ್ಬರ ಸಂಬಳ ಸೇರಿ ಕೈಗೆ 96,000 ಬರುತ್ತದೆ. ಕಂತು ಸೇರಿ ಖರ್ಚು 82,000. ಎಫ್‌ಡಿ 5 ಲಕ್ಷ ಇದೆ. ಅದನ್ನು ಮುರಿದು ಸಾಲಕ್ಕೆ ಕಟ್ಟಿಬಿಡಿ ಅನ್ನುತ್ತಾರೆ ಮಾವನವರು. ಮಗಳಿಗೆ ಈ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮಗ ನಾಲ್ಕನೇ ಕ್ಲಾಸು, ಜೊತೆಗಿರುವ ಅತ್ತೆಗೆ ಮಂಡಿನೋವು. ಏನು ಮಾಡುವುದು?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಮೂರು. ಸಾಲ ಯಾಕೆ ಕರಗಿಲ್ಲ, ಮನೆ ಕೆಲಸಕ್ಕೆ ಎಷ್ಟು ಸಾಲ ಮಾಡಬಹುದು, ಪರೀಕ್ಷೆ ಮತ್ತು ಹಿರಿಯರ ನಡುವೆ ಈ ಕೆಲಸವನ್ನು ಯಾವಾಗ ಹಿಡಿಯುವುದು. ಮೂರಕ್ಕೂ ಬೇರೆ ಬೇರೆ ಉತ್ತರ ಇದೆ. ಬ್ಯಾಂಕಿನ 12 ಲಕ್ಷ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತಿದೆ, ತೊಡಕಿರುವುದು ಅಲ್ಲೇ.

ಮೊದಲು ಮೋಸದ ಅನುಮಾನ. ನೀವು ಕೊಟ್ಟ ಅಂಕಿ ಇಟ್ಟುಕೊಂಡು ನೋಡಿದರೆ ಲೆಕ್ಕ ಸರಿಯಾಗೇ ಇದೆ. ನೀವು ಸಾಲ ತೆಗೆದಾಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4 ಇತ್ತು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಅದು 6.5ಕ್ಕೆ ಹೋಯಿತು. ನಿಮ್ಮ ಬಡ್ಡಿ ರೆಪೊಗೆ ಜೋಡಿಸಿದ್ದು, ಹಾಗಾಗಿ ಅದೂ 6.9ರಿಂದ 9.4ರವರೆಗೆ ಏರಿತು. ಆಗ ನಿಮ್ಮ ಬಾಕಿ ಸುಮಾರು 31.3 ಲಕ್ಷ, ಅದಕ್ಕೆ ಒಂದು ತಿಂಗಳ ಬಡ್ಡಿಯೇ 24,500 ರೂಪಾಯಿ. ಕಟ್ಟುತ್ತಿದ್ದದ್ದು 24,618. ಅಂದರೆ ಅಸಲಿಗೆ ಹೋಗುವುದು ನೂರು ರೂಪಾಯಿಯ ಆಸುಪಾಸು! ಆ ದರದಲ್ಲಿ ಬ್ಯಾಂಕು ಕಂತು ಏರಿಸದಿದ್ದರೆ ಈ ಸಾಲ ಹತ್ತಿರತ್ತಿರ ತೀರುತ್ತಲೇ ಇರಲಿಲ್ಲ. ಇದುವರೆಗೆ ನೀವು ಕಟ್ಟಿದ್ದು 13 ಲಕ್ಷಕ್ಕೂ ಮೇಲೆ, ಅಸಲು ಇಳಿದದ್ದು 1.80 ಲಕ್ಷ. ಹೊಟ್ಟೆ ಉರಿಯುವ ಲೆಕ್ಕ ನಿಜ, ಆದರೆ ಕಳ್ಳ ಲೆಕ್ಕ ಅಲ್ಲ.

‘ಕಂತು ಏರದಿದ್ದರೆ ಬಡ್ಡಿ ಏರಿಕೆ ನಮಗೆ ತಟ್ಟಲಿಲ್ಲ’ ಎಂದು ಬಹಳ ಮಂದಿ ನಂಬಿರುತ್ತಾರೆ. ತಟ್ಟಿರುತ್ತದೆ, ಕಣ್ಣಿಗೆ ಬಿದ್ದಿರುವುದಿಲ್ಲ ಅಷ್ಟೇ. ಕಂತು ಅಷ್ಟೇ ಇದ್ದರೆ ಅವಧಿ ಹಿಗ್ಗುತ್ತದೆ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು. ಮೂರು ತಿಂಗಳಿಗೊಮ್ಮೆ ಇದುವರೆಗೆ ತೀರಿದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇರುವ ಸ್ಟೇಟ್‌ಮೆಂಟ್ ಕೊಡಬೇಕು. ಅದನ್ನು ತರಿಸಿಕೊಂಡು ಉಳಿದ ಕಂತಿನ ಸಂಖ್ಯೆಯನ್ನು ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

2025ರಲ್ಲಿ ರೆಪೊ ಇಳಿದು ಡಿಸೆಂಬರ್‌ಗೆ 5.25ಕ್ಕೆ ಬಂತು, ಅದಕ್ಕೇ ನಿಮಗೆ 8.15 ಸಿಕ್ಕಿದೆ. ಈಗ ನಿಮ್ಮ 27,000ದಲ್ಲಿ ಸುಮಾರು 6,500 ಅಸಲಿಗೆ ಹೋಗುತ್ತಿದೆ. ಬಡ್ಡಿ ಇಳಿದಿದೆ ಎಂದು ಕಂತು ಇಳಿಸಿಕೊಳ್ಳಬೇಡಿ. ಸಾಲ ಕರಗಲು ಶುರುವಾಗಿರುವುದೇ ಈಗ. ಇದೇ ಬ್ಯಾಂಕು ಹೊಸ ಗ್ರಾಹಕರಿಗೆ ನಿಮಗಿಂತ ಕಾಲು ಪರ್ಸೆಂಟೋ ಅರ್ಧ ಪರ್ಸೆಂಟೋ ಕಡಿಮೆಗೆ ಕೊಡುತ್ತಿದ್ದರೆ ಬರವಣಿಗೆಯಲ್ಲಿ ಕೇಳಿ. ಸಣ್ಣ ಶುಲ್ಕ ಪಡೆದು ಇಳಿಸುವುದುಂಟು. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದಾದರೆ ಪ್ರೊಸೆಸಿಂಗ್ ಶುಲ್ಕ, ವಕೀಲರ ವರದಿ, ಹಕ್ಕುಪತ್ರ ಅಡವಿನ ನೋಂದಣಿ ಖರ್ಚು ಎಲ್ಲ ಕೂಡಿಸಿ, ಉಳಿಯುವ ಬಡ್ಡಿಯ ಪಕ್ಕ ಇಟ್ಟು ನೋಡಿದ ಮೇಲೆ ಹೊರಡಿ.

ಈಗ ಟಾಪ್‌ಅಪ್. ಶೇ 8.65 ಎಂಬುದು ಪರ್ಸನಲ್ ಲೋನಿಗಿಂತ ಎಷ್ಟೋ ಅಗ್ಗ, ಅದರಲ್ಲಿ ಸುಳ್ಳಿಲ್ಲ. ಆದರೆ 12 ಲಕ್ಷವನ್ನು 210 ತಿಂಗಳು ಕಟ್ಟಿದರೆ ಒಟ್ಟು 23.3 ಲಕ್ಷ ಆಗುತ್ತದೆ. ಕಿಚನ್ ಒಂದನ್ನೇ ತೆಗೆದುಕೊಳ್ಳಿ. 3.2 ಲಕ್ಷದ ಕಿಚನ್‌ಗೆ ಈ ಟಾಪ್‌ಅಪ್‌ನಲ್ಲಿ ನೀವು ಕೊಡುವುದು 6.2 ಲಕ್ಷ. ಅದೇ ಹಣವನ್ನು ಶೇ 13ರ ಪರ್ಸನಲ್ ಲೋನಿನಲ್ಲಿ ಐದು ವರ್ಷಕ್ಕೆ ತೀರಿಸಿದರೂ 4.4 ಲಕ್ಷ ಮೀರುವುದಿಲ್ಲ. ಪರ್ಸನಲ್ ಲೋನ್ ಮಾಡಿ ಎಂದು ಹೇಳುತ್ತಿಲ್ಲ. ಸಾಲ ದುಬಾರಿಯೋ ಅಗ್ಗವೋ ಎಂಬುದನ್ನು ಬಡ್ಡಿ ದರ ಅರ್ಧ ಹೇಳುತ್ತದೆ, ಉಳಿದರ್ಧ ಹೇಳುವುದು ಅವಧಿ. ಹೊರಗೋಡೆಯ ಪೇಂಟ್ ಐದಾರು ವರ್ಷಕ್ಕೆ ಮಂಕಾಗುತ್ತದೆ. ಪ್ಲೈವುಡ್ ಕಿಚನ್‌ನಲ್ಲಿ ಸಿಂಕಿನ ಕೆಳಗಿನ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಉಬ್ಬುತ್ತದೆ. ಇವತ್ತಿನ ಬಣ್ಣದ ಕಂತನ್ನು, ಮಗ ಕೆಲಸಕ್ಕೆ ಸೇರಿದ ಮೇಲೂ, ಮತ್ತೆರಡು ಸಲ ಬಣ್ಣ ಬಳಿಸಿದ ಮೇಲೂ ಕಟ್ಟುತ್ತಿರಬೇಕಾಗುತ್ತದೆ. ಕೆಲಸದ ಆಯಸ್ಸಿಗಿಂತ ಅದರ ಸಾಲದ ಆಯಸ್ಸು ಹೆಚ್ಚಾಗಬಾರದು. ನಿಮ್ಮ ಕೊಟೇಶನ್ನಿನ ಪ್ರತಿ ಸಾಲಿಗೂ ಈ ಅಳತೆ ಹಿಡಿದು ನೋಡಿ.

ಇನ್ನೊಂದು ಮಾತು: ತೆರಿಗೆ ಉಳಿಯುತ್ತದೆ ಎಂದು ಟಾಪ್‌ಅಪ್ ಮಾರುವವರಿದ್ದಾರೆ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಸ್ವಂತಕ್ಕೆ ವಾಸವಿರುವ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಹಳೇ ಪದ್ಧತಿಯಲ್ಲಿ ದುರಸ್ತಿ ಸಾಲದ ಬಡ್ಡಿಗೆ ಮಿತಿ 30,000 ರೂಪಾಯಿ, ಅದೂ ಒಟ್ಟು 2 ಲಕ್ಷದೊಳಗೆ. ನಿಮ್ಮ ಮೂಲ ಸಾಲದ ಬಡ್ಡಿಯೇ ವರ್ಷಕ್ಕೆ 2.4 ಲಕ್ಷ ದಾಟುತ್ತದೆ. ಮನೆ ಮತ್ತು ಸಾಲ ಒಬ್ಬರ ಹೆಸರಲ್ಲೇ ಇದ್ದರೆ ಟಾಪ್‌ಅಪ್‌ನಿಂದ ಸಿಗುವ ಹೆಚ್ಚುವರಿ ಸೊನ್ನೆ.

ಮಾವನವರ ಸಲಹೆ ಗಣಿತವಾಗಿ ತಪ್ಪಲ್ಲ. ಎಫ್‌ಡಿಯಿಂದ 4 ಲಕ್ಷ ತೆಗೆದು ಇವತ್ತೇ ಅಸಲಿಗೆ ಕಟ್ಟಿದರೆ 210 ಕಂತು 159ಕ್ಕೆ ಇಳಿಯುತ್ತದೆ. ವ್ಯಕ್ತಿಗಳ ಫ್ಲೋಟಿಂಗ್ (ಏರಿಳಿಯುವ) ದರದ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡವೂ ಇಲ್ಲ. ಆದರೆ ಸಾಲಕ್ಕೆ ಹಾಕಿದ ಹಣ ಗೋಡೆಯೊಳಗೆ ಸೇರಿದಂತೆ. ಅತ್ತೆಯವರ ಮಂಡಿ ಶಸ್ತ್ರಚಿಕಿತ್ಸೆಗೋ, ಇಬ್ಬರಲ್ಲೊಬ್ಬರ ಕೆಲಸ ಹೋದಾಗಲೋ ಅದನ್ನು ವಾಪಸ್ ತೆಗೆಯಬೇಕಾದರೆ ಮತ್ತೆ ಅರ್ಜಿ, ಮತ್ತೆ ಸಂಬಳದ ಚೀಟಿ. ಕೆಲಸ ಹೋದವರಿಗೆ ಟಾಪ್‌ಅಪ್ ಕೊಡುವ ಬ್ಯಾಂಕ್ ಇಲ್ಲ. ನಿಮ್ಮ ತಿಂಗಳ ಖರ್ಚು 82,000. ಮೂರೂವರೆ ತಿಂಗಳಿಗೆ ಹತ್ತಿರತ್ತಿರ 3 ಲಕ್ಷ. ಅಷ್ಟನ್ನು ಮುಟ್ಟಲೇಬಾರದು. ಎಫ್‌ಡಿ ಬಡ್ಡಿಗೂ ಸಾಲದ ಬಡ್ಡಿಗೂ ಇರುವ ಅಂತರದಲ್ಲಿ ಈ 3 ಲಕ್ಷಕ್ಕೆ ವರ್ಷಕ್ಕೆ ಐದಾರು ಸಾವಿರ ನಷ್ಟ ಆಗಬಹುದು. ನಿದ್ದೆಗೆ ಕೊಡುವ ಬಾಡಿಗೆ ಎಂದುಕೊಳ್ಳಿ.

ಇನ್ನು ಮನೆಗೆ ಬರೋಣ. ಕೊಟೇಶನ್ನಿನಲ್ಲಿ ಆರು ಕೆಲಸ ಇವೆ. ಕಾಯಲಾರದವು ಎರಡೇ, ನೀರು ಮತ್ತು ಕರೆಂಟು. ಸೋರಿಕೆ ತಡವಾದಷ್ಟೂ ತಾರಸಿಯೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಅದರ ಕೆಳಗಿನ ಕಾಂಕ್ರೀಟನ್ನು ದಬ್ಬಿ ಬೀಳಿಸುತ್ತದೆ. ಆಮೇಲೆ ಕೊಟೇಶನ್ ಲಕ್ಷಗಳಲ್ಲಿ ಏರುತ್ತದೆ. ಉಳಿದ ನಾಲ್ಕು ಕೆಲಸಗಳು ಎರಡು ವರ್ಷ ಕಾದರೂ ಅಷ್ಟೇ ಕೆಲಸಗಳಾಗಿ ಉಳಿಯುತ್ತವೆ.

ಆದರೆ ಮೇಸ್ತ್ರಿ ಹೇಳಿದ ತಕ್ಷಣ ತಾರಸಿಗೆ ಬಿಳಿ ಬಣ್ಣ ಬಳಿಸಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಹಿಡಿಯಬೇಕು. ಮಳೆಯಿಲ್ಲದ ಬಿಸಿಲಲ್ಲೂ ಕಲೆ ಒದ್ದೆಯಾಗೇ ಇದ್ದರೆ ಅದು ಮಳೆಯಲ್ಲ, ಪೈಪು ಅಥವಾ ಬಚ್ಚಲು ಅಥವಾ ಓವರ್‌ಹೆಡ್ ಟ್ಯಾಂಕ್. ಗಾಳಿ ಸಹಿತ ಮಳೆ ಬಂದಾಗ ಮಾತ್ರ ಕಲೆ ಕಪ್ಪಾದರೆ ಪ್ಯಾರಪೆಟ್ ಗೋಡೆಯ ಅಥವಾ ಹೊರಗಿಲಾವಿನ ಬಿರುಕು. ಜಿಟಿಜಿಟಿ ಮಳೆಯ ಎರಡನೇ ದಿನ ಸೂರಿನ ನಡುವೆ ಕಲೆ ಮೂಡಿದರೆ ತಾರಸಿಯೇ. ಖಚಿತಪಡಿಸಿಕೊಳ್ಳಲು ಮಳೆನೀರಿನ ಕಿಂಡಿಗಳನ್ನು ಗೋಣಿಚೀಲ, ಪ್ಲಾಸ್ಟಿಕ್ ತುರುಕಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಮೊದಲೇ ಸೂರಿನ ಕಲೆಯ ಅಂಚಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಡಿ. ಕಲೆ ಗೆರೆ ದಾಟಿದರೆ ಉತ್ತರ ಸಿಕ್ಕಂತೆ. ಎಚ್ಚರಿಕೆ: ಸೂರಿನಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ನೀರು ನಿಲ್ಲಿಸಬೇಡಿ. ಎರಡು ಇಂಚು ನೀರೆಂದರೆ ಚದರಡಿಗೆ ಹತ್ತಿರತ್ತಿರ ಐದು ಕೆ.ಜಿ. ಭಾರ. ಅಂಥಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬರುವ ಜಾಗವೆಲ್ಲ ಸೀಮೆಸುಣ್ಣದಲ್ಲಿ ಗುರುತಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಅವರ ಶುಲ್ಕ ಕೊಟೇಶನ್ನಿನಲ್ಲಿ ಇರುವುದಿಲ್ಲ, ಆದರೂ ಕೊಡಿ.

ತಾರಸಿ ಕೆಲಸ ಕೆಡುವುದು ಸಾಮಾನ್ಯವಾಗಿ ನಾಲ್ಕು ಕಡೆ. ಹಳೆಯ ಗಾರೆ ಪೊಳ್ಳಾಗಿದ್ದರೂ ಅದರ ಮೇಲೇ ಕೋಟಿಂಗ್ ಬಳಿಯುತ್ತಾರೆ. ಎರಡು ಬೇಸಿಗೆಗೆ ಹಪ್ಪಳದಂತೆ ಎದ್ದುಬರುತ್ತದೆ. ಪೊಳ್ಳನ್ನು ಕಿತ್ತು, ಬಿರುಕುಗಳನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ‘ವಿ’ ಆಕಾರದಲ್ಲಿ ಕೊರೆದು ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಎರಡನೆಯದು ತಾರಸಿ ಮತ್ತು ಪ್ಯಾರಪೆಟ್ ಸೇರುವ ಮೂಲೆ. ಅಲ್ಲಿ ಮೂರಿಂಚಿನ ಇಳಿಜಾರು ಗೋಲಾ (ಮೂಲೆ ತುಂಬುವ ಗಾರೆಯ ಅಂಚು) ಕಟ್ಟಿ, ಜಾಲರಿ ಬಟ್ಟೆ ಕೂರಿಸಿ, ಕೋಟಿಂಗನ್ನು ಗೋಡೆಯ ಮೇಲೆ ಒಂದಡಿ ಹತ್ತಿಸಬೇಕು. ಮೂರನೆಯದು ಇಳಿಜಾರು: ನೂರಕ್ಕೆ ಒಂದು, ಅಂದರೆ ಹತ್ತಡಿಗೆ ಒಂದೂಕಾಲು ಇಂಚು, ಕಿಂಡಿಯ ಕಡೆಗೆ. ನಾಲ್ಕನೆಯದು ಅವಸರ. ಸಿಮೆಂಟ್-ಪಾಲಿಮರ್ ಕೋಟಿಂಗ್‌ಗೆ ಮೊದಲು ತಾರಸಿ ನೆನೆದಿರಬೇಕು, ನೀರು ನಿಂತಿರಬಾರದು. ಮೊದಲ ಕೈ ಪೂರ್ವ-ಪಶ್ಚಿಮಕ್ಕೆ ಬಳಿದರೆ ಎರಡನೇ ಕೈ ಉತ್ತರ-ದಕ್ಷಿಣಕ್ಕೆ. ಒಣಗಿದ ಮೇಲೆ ಮತ್ತೆ 48 ಗಂಟೆ ನೀರು ನಿಲ್ಲಿಸಿ ನೋಡಿದ ನಂತರವೇ ಮೇಲಿನ ಗಾರೆ. ಇನ್ನು ಸೂರಿನ ಕೆಳಗಿನಿಂದ ಬಳಿಯುವ ‘ವಾಟರ್‌ಪ್ರೂಫ್’ ಇದೆಯಲ್ಲ, ಅದು ಅತಿ ಕೆಟ್ಟ ಉಳಿತಾಯ. ಕಲೆ ಮಾಯವಾಗುತ್ತದೆ, ನೀರು ಕಾಂಕ್ರೀಟಿನೊಳಗೇ ಉಳಿದು ಕಂಬಿ ತಿನ್ನುತ್ತದೆ.

ಬಚ್ಚಲಲ್ಲಿ ತಪ್ಪು ಆಗುವುದು ನಹಾನಿ ಟ್ರಾಪಿನ, ಅಂದರೆ ನೆಲದ ನೀರು ಹೋಗುವ ಕಿಂಡಿಯ, ಸುತ್ತ. ಟೈಲ್ಸ್ ಕೂರಿಸುವ ಮೊದಲು ಕಿಂಡಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡಿ, ಪೈಪುಗಳಿಗೆ ಪ್ರೆಶರ್ ಟೆಸ್ಟ್ ಮಾಡಿಸಿ. ಆ ಕಾಲದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆ ತುಕ್ಕಿನಿಂದ ಕಟ್ಟಿಕೊಂಡಿದ್ದರೆ ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ. ಇದೇ ಖರ್ಚಿನಲ್ಲಿ ಅತ್ತೆಯವರ ಕೆಲಸವನ್ನೂ ಸೇರಿಸಿ: ಜಾರದ ಒರಟು ಟೈಲ್ಸ್, ತಗ್ಗಿಸಿದ ಹೊಸ್ತಿಲು, ಕಮೋಡಿನ ಪಕ್ಕ ಹಿಡಿಕಂಬಿ. ಕಂಬಿಯ ಬೋಲ್ಟು ಇಟ್ಟಿಗೆಗೆ ಕಚ್ಚಬೇಕು, ಬರೀ ಟೈಲ್ಸಿಗೆ ಅಲ್ಲ. ಅದಕ್ಕೇ ಟೈಲ್ಸಿಗೆ ಮೊದಲೇ ಜಾಗ ಗುರುತು ಮಾಡಿಸಬೇಕು. ಫಾಲ್ಸ್ ಸೀಲಿಂಗ್‌ಗಿಂತ ಈ ಎರಡಡಿ ಕಂಬಿ ನಿಮ್ಮ ಮನೆಗೆ ಹೆಚ್ಚು ಬೇಕು.

ವೈರಿಂಗ್‌ನಲ್ಲಿ ಕೇಳಬೇಕಾದ್ದು ಇಷ್ಟೇ: ದೀಪಕ್ಕೆ 1.5, ಪವರ್ ಸಾಕೆಟ್‌ಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಗೀಸರು, ಇಂಡಕ್ಷನ್ ಒಲೆ ಸೇರಿಸುವುದಾದರೆ ವಿದ್ಯುತ್ ಕಂಪನಿ ಸೆಸ್ಕ್ ಮಂಜೂರು ಮಾಡಿದ ಲೋಡು ಸಾಕೇ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಿ. ಮುಂದೆ ಕಿಚನ್ ಮಾಡಿಸುವ ಜಾಗಕ್ಕೆ ಪೈಪು, ವೈರಿನ ಪಾಯಿಂಟುಗಳನ್ನು ಈಗಲೇ ಎಳೆಸಿಡಿ. ಇಲ್ಲದಿದ್ದರೆ ಎರಡು ವರ್ಷದ ನಂತರ ಹೊಸ ಗೋಡೆ ಮತ್ತೆ ಒಡೆಯಬೇಕು.

ರೆಡ್ ಆಕ್ಸೈಡ್ ನೆಲದ ಮೇಲೆ 2.4 ಲಕ್ಷದ ಟೈಲ್ಸ್ ಹಾಕಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಆ ಗಾರೆಯವರು ಈಗ ಹುಡುಕಿದರೂ ಸಿಗುವುದು ಕಷ್ಟ. ಬಿರುಕಿದ್ದರೆ ತುಂಬಿಸಿ, ಪಾಲಿಷ್ ಮಾಡಿಸಿ. ಮೇಲೆ ಟೈಲ್ಸ್ ಹಾಕಿದರೆ ನೆಲ ಅರ್ಧ ಇಂಚಿಗಿಂತ ಹೆಚ್ಚು ಏರುತ್ತದೆ, ಬಾಗಿಲುಗಳ ಅಡಿ ಕೊಯ್ಯಬೇಕು, ಕೋಣೆಯಿಂದ ಕೋಣೆಗೆ ಅತ್ತೆಯವರು ಎಡವಲು ಒಂದೊಂದು ಮೆಟ್ಟಿಲು ಹುಟ್ಟುತ್ತದೆ.

ಹಾಗಾದರೆ ದುಡ್ಡು. ನೀರು, ಕರೆಂಟು ಸೇರಿ 3.8 ಲಕ್ಷ. ಹಳೇ ಮನೆಯಲ್ಲಿ ಗೋಡೆ ಒಡೆದ ಮೇಲೇ ಗೊತ್ತಾಗುವ ಸಂಗತಿಗಳಿರುತ್ತವೆ, ಶೇ 15 ಸೇರಿಸಿ 4.4, ಅಂದರೆ ನಾಲ್ಕೂವರೆ ಲಕ್ಷ ಹಿಡಿಯಿರಿ. 2 ಲಕ್ಷ ಎಫ್‌ಡಿಯಿಂದ, 2.5 ಲಕ್ಷ ಟಾಪ್‌ಅಪ್, ಅವಧಿ ನಾಲ್ಕೇ ವರ್ಷ ಎಂದು ಬ್ಯಾಂಕಿಗೆ ಬರೆದುಕೊಡಿ. ಶೇ 8.65ರಲ್ಲಿ ಕಂತು ಸುಮಾರು 6,180, ಒಟ್ಟು ಬಡ್ಡಿ 47,000ದೊಳಗೆ. ತಿಂಗಳಿಗೆ ನಿಮಗೆ ಉಳಿಯುವ 14,000ದಲ್ಲಿ ಇದು ಹೋಗಿ 7,800 ಮಿಗುತ್ತದೆ. 12 ಲಕ್ಷದ ಟಾಪ್‌ಅಪ್‌ನಲ್ಲಿ ಮಿಗುತ್ತಿದ್ದದ್ದು 2,900. ಪಿಯುಸಿ ಫೀಸು ಬಂದ ತಿಂಗಳು ಕ್ರೆಡಿಟ್ ಕಾರ್ಡ್ ತೆಗೆಯಬೇಕಾಗುತ್ತಿತ್ತು. ‘ಹೆಚ್ಚು ತೆಗೆದುಕೊಳ್ಳಿ, ಕಂತು ಕಡಿಮೆ ಮಾಡಿಕೊಡುತ್ತೇವೆ’ ಎಂದು ಶಾಖೆಯಲ್ಲಿ ಹೇಳುತ್ತಾರೆ, ನಿಮ್ಮ ಮೊತ್ತಕ್ಕೇ ಅಂಟಿಕೊಳ್ಳಿ. ಹಣವನ್ನು ಮೊದಲ ದಿನವೇ ಖಾತೆಗೆ ಹಾಕಿಸಿಕೊಳ್ಳಬೇಡಿ, ಬಡ್ಡಿ ಅವತ್ತಿನಿಂದಲೇ ಓಡುತ್ತದೆ. ತಾರಸಿ ಕೆಲಸವನ್ನು ಎಫ್‌ಡಿ ಹಣದಲ್ಲಿ ಮುಗಿಸಿ, ಒಳಗಿನ ಕೆಲಸ ಶುರುವಾಗುವ ವಾರ ಟಾಪ್‌ಅಪ್ ತೆಗೆಯಿರಿ. ಬಿಲ್ಲುಗಳನ್ನು ಇಟ್ಟುಕೊಳ್ಳಿ.

ಚಿನ್ನದ ಸಾಲ ಬೇಗ ಸಿಗುತ್ತದೆ, ಆದರೆ ಹೆಚ್ಚಿನವು ವರ್ಷದ ಕೊನೆಗೆ ಅಸಲು ಪೂರ್ತಿ ಕೇಳುತ್ತವೆ. ಮನೆ ರಿಪೇರಿಗೆ ಆ ಗಡುವು ಹೊಂದುವುದಿಲ್ಲ.

ಪಿಯುಸಿ ಸೇರ್ಪಡೆಯ ಖರ್ಚು ಜೂನ್ ಹೊತ್ತಿಗೆ ತಿಳಿಯುತ್ತದೆ. ಅದಾದ ಮೇಲೆ ಕೈಯಲ್ಲಿ ಮಿಗುವುದರಲ್ಲಿ 3,000ವನ್ನು ಮೂಲ ಸಾಲದ ಕಂತಿಗೆ ಸೇರಿಸಿ 30,000 ಮಾಡಿಸಿ. ಇವತ್ತಿನ ಬಾಕಿಗೆ ಲೆಕ್ಕ ಹಾಕಿದರೆ 210 ಕಂತು 170ಕ್ಕೆ ಇಳಿಯುತ್ತದೆ. ನಾಲ್ಕು ವರ್ಷದ ನಂತರ ಟಾಪ್‌ಅಪ್ ತೀರಿದಾಗ ಆ 6,180 ನಿಮ್ಮ ಕೈಗೆ ವಾಪಸ್ ಬರುತ್ತದೆ. ಕಿಚನ್ ಮಾತು ಅವತ್ತು ಆಡಬಹುದು, ಅಥವಾ ಆ ಹೊತ್ತಿಗೆ ಹಳೇ ಅಡುಗೆಮನೆಯೇ ಒಗ್ಗಿರುತ್ತದೆ. ಈ ನಡುವೆ ಸಾಲದ ಮೊತ್ತಕ್ಕೆ ಇಬ್ಬರ ಹೆಸರಲ್ಲೂ ಟರ್ಮ್ ವಿಮೆ ಇದೆಯೇ ನೋಡಿಕೊಳ್ಳಿ.

ಕೊನೆಗೆ ದಿನಗಳ ಹೊಂದಾಣಿಕೆ. ಮೈಸೂರಿಗೆ ಏಪ್ರಿಲ್-ಮೇಯಲ್ಲೇ ಗುಡುಗು ಮಳೆ ಬರುತ್ತದೆ, ಹಾಗಾಗಿ ತಾರಸಿ ಫೆಬ್ರವರಿಯಲ್ಲಿ ಮುಗಿಯಬೇಕು. ಗಾರೆ ಕೀಳುವ ಸದ್ದು ಎರಡು ಮೂರು ದಿನ, ಅದನ್ನು ಮಗಳು ಶಾಲೆಯಲ್ಲಿರುವ ಹೊತ್ತಿಗೆ ಇಟ್ಟುಕೊಳ್ಳಿ. ಆಮೇಲಿನದೆಲ್ಲ ಬ್ರಷ್ಷಿನ ಕೆಲಸ, ಮನೆಯೊಳಗೆ ಗೊತ್ತೇ ಆಗುವುದಿಲ್ಲ. ಗೋಡೆ ಕೊರೆಯುವ ಕೆಲಸಕ್ಕೆ ಕೊನೆಯ ಪರೀಕ್ಷೆ ಮುಗಿಯುವವರೆಗೆ ಯಾರಿಗೂ ಬಾಗಿಲು ತೆಗೆಯಬೇಡಿ. ಎರಡು ಬಚ್ಚಲಿದ್ದರೆ ಒಂದು ಪೂರ್ತಿ ಬಳಕೆಗೆ ಬಂದ ಮೇಲೆ ಇನ್ನೊಂದನ್ನು ಒಡೆಯಿರಿ. ಒಂದೇ ಇದ್ದರೆ ಅತ್ತೆಯವರನ್ನು ಹತ್ತು ಹದಿನೈದು ದಿನ ನೆಂಟರ ಮನೆಗೆ ಕಳಿಸುವುದೇ ಒಳ್ಳೆಯದು. ವೈರಿಂಗ್ ಮುಗಿದು ಗಿಲಾವು ತೇಪೆ ಹಾಕಿದ ಜಾಗಕ್ಕೆ ಏಳು ದಿನ ನೀರುಣಿಸಿ, ನಾಲ್ಕು ವಾರ ಒಣಗಲು ಬಿಡಿ. ಗೃಹಶಾಂತಿಯ ಮುಹೂರ್ತಕ್ಕೆಂದು ಹಸಿ ಗೋಡೆಗೆ ಪುಟ್ಟಿ ಹಚ್ಚಿದರೆ ಗೌರಿ ಹಬ್ಬದ ಹೊತ್ತಿಗೆ ಉಬ್ಬಿ ಉದುರುತ್ತದೆ.

ಕಂಟ್ರ್ಯಾಕ್ಟರಿಗೆ ಒಟ್ಟು ಮೊತ್ತದ ಚೀಟಿ ಬೇಡ, ಚದರಡಿ ಮತ್ತು ಪಾಯಿಂಟ್ ಲೆಕ್ಕದ ದರಪಟ್ಟಿ ಬರೆಸಿಕೊಳ್ಳಿ. ವಾಟರ್‌ಪ್ರೂಫಿಂಗ್ ಡಬ್ಬದ ಹೆಸರು, ಎಷ್ಟು ಕೈ, ಎಷ್ಟು ಕೆ.ಜಿ. ಎಂಬುದೂ ಅದರಲ್ಲಿರಲಿ. ಮುಂಗಡ ಶೇ 15 ದಾಟದಿರಲಿ, ಉಳಿದದ್ದು ಮುಗಿದ ಕೆಲಸ ಅಳೆದು. ಕೊನೆಯ ಶೇ 10ನ್ನು ಮೇ ತಿಂಗಳ ಮೊದಲ ದೊಡ್ಡ ಮಳೆ ಕಳೆದು, ಸೂರಿನ ಆ ಪೆನ್ಸಿಲ್ ಗೆರೆಯನ್ನು ಇಬ್ಬರೂ ಕೂಡಿ ನೋಡಿದ ಮೇಲೆ ಕೊಡುವುದಾಗಿ ಮೊದಲೇ ಹೇಳಿಬಿಡಿ.